ವೈದ್ಯರ ಅಲಕ್ಷ್ಯವೂ ಪರಿಹಾರದ ದಾರಿಯೂ

1953ನೆಯ ಇಸವಿ ಅಕ್ಟೋಬರ್ 1ರಂದು ರಾಯದುರ್ಗ ತಾಲ್ಲೂಕು ಬಳ್ಳಾರಿ ಜಿಲ್ಲೆಯನ್ನು ಬಿಟ್ಟು ಆಂಧ್ರ ರಾಜ್ಯಕ್ಕೆ ಸೇರಿತು. ಆದರೂ ಕಾಯಿಲೆ ಬಲವಾದಾಗ ನಮ್ಮ ಜನರು ಬಳ್ಳಾರಿಯ ದಾರಿಯನ್ನೇ ಹಿಡಿಯುವರು. ಮಡಕಶಿರದ ಕಡೆಯವರು ತುಮಕೂರಿಗೋ ಬೆಂಗಳೂರಿಗೋ ಹೋಗುವರು. ಅಲ್ಲಿ ಚಿಕಿತ್ಸೆಯಲ್ಲಿನ ಅಲಕ್ಷ್ಯದಿಂದ ಹಾನಿಯೊದಗಿದರೆ ಯಾರಲ್ಲಿ ನ್ಯಾಯ ಕೇಳತಕ್ಕದ್ದೆಂಬುದು ಬಹುಮಂದಿಗೆ ತಿಳಿಯದು. ಹಣೆಬರಹವೆಂದು ಸುಮ್ಮನಾಗುವವರೇ ಹೆಚ್ಚು. ಆಸ್ಪತ್ರೆಯ ಕಿಟಕಿಗೆ ಕಲ್ಲೆಸೆಯುವವರೂ ಉಂಟು. ಎರಡರಿಂದಲೂ ನ್ಯಾಯ ದೊರೆಯದು.

ರೋಗಿ ತೀರಿಕೊಂಡ ಮಾತ್ರಕ್ಕೆ ವೈದ್ಯನು ತಪ್ಪಿತಸ್ಥನೆನಿಸುವುದಿಲ್ಲ ಎಂಬುದನ್ನು ನಾವು ಮೊದಲು ಗ್ರಹಿಸಬೇಕು. ಸಾಮಾನ್ಯ ನಿಪುಣತೆಯುಳ್ಳ ವೈದ್ಯನು ವಹಿಸುವಷ್ಟು ಎಚ್ಚರವನ್ನು ಇವನು ವಹಿಸಲಿಲ್ಲವೆಂದೂ ಹಾನಿಯು ಆ ಲೋಪದಿಂದಲೇ ಉಂಟಾಯಿತೆಂದೂ ತೋರಿಸಬೇಕು.

ಹೈದರಾಬಾದಿನಲ್ಲಿ ನಡೆದ ಒಂದು ಪ್ರಕರಣವನ್ನು ನೋಡೋಣ. 2002ನೆಯ ಜುಲೈ 20ರಂದು ಮಲೇರಿಯಾ ಇಲಾಖೆಯ ಅಧಿಕಾರಿಯೊಬ್ಬರು, ಬಿಟ್ಟು ಬಿಟ್ಟು ಬರುತ್ತಿದ್ದ ಚಳಿಜ್ವರಕ್ಕಾಗಿ ತಮ್ಮ ಪತ್ನಿಯನ್ನು ಖಾಸಗಿ ಆಸ್ಪತ್ರೆಯೊಂದಕ್ಕೆ ಸೇರಿಸಿದರು. ಅಲ್ಲಿ ಟೈಫಾಯಿಡ್ ಎಂದು ಚಿಕಿತ್ಸೆ ನಡೆಯಿತು. ರಕ್ತಪರೀಕ್ಷೆಯಾದರೋ ಟೈಫಾಯಿಡ್ ಇಲ್ಲವೆಂದಿತ್ತು. 24ರಂದು ಕೈಮೀರಿದ ಸ್ಥಿತಿಯಲ್ಲಿ ಇನ್ನೊಂದು ಆಸ್ಪತ್ರೆಗೆ ಸಾಗಿಸಲಾದ ಆಕೆ ಅಂದೇ ತೀರಿಕೊಂಡರು. ಜಿಲ್ಲಾ ಗ್ರಾಹಕ ವೇದಿಕೆಯು ಎರಡು ಲಕ್ಷ ರೂಪಾಯಿ ಪರಿಹಾರವನ್ನೂ, ಕಟ್ಟಿದ್ದ ಹಣದಲ್ಲಿ ಹತ್ತು ಸಾವಿರವನ್ನೂ ಕೊಡಿಸಿತು. ಆದರೆ ತಜ್ಞರ ಸಾಕ್ಷ್ಯವಿಲ್ಲವೆಂದು ರಾಜ್ಯ ಆಯೋಗವು ಅದನ್ನು ರದ್ದುಮಾಡಿತು. ರಾಷ್ಟ್ರೀಯ ಆಯೋಗವೂ ಅದಕ್ಕೆ ಒಪ್ಪಿತು. ಕಡೆಗೆ 2010ನೆಯ ಮಾರ್ಚ್ 8ರಂದು ಸರ್ವೋಚ್ಚ ನ್ಯಾಯಾಲಯವು, ಎಲ್ಲ ಪ್ರಕರಣಗಳಲ್ಲಿಯೂ ತಜ್ಞರ ಸಾಕ್ಷ್ಯ ಅವಶ್ಯವಲ್ಲವೆಂದು ಹೇಳಿ ಜಿಲ್ಲಾ ವೇದಿಕೆಯ ತೀರ್ಪನ್ನೇ ಎತ್ತಿಹಿಡಿಯಿತು. ಜ್ವರವನ್ನು ಬಲ್ಲ ಅಧಿಕಾರಿಗೇ ಏಳು ವರ್ಷಕ್ಕೆ ಮೀರಿ ಹಿಡಿದ ದಾರಿ ಇದು! ಅವರ ಕೈ ಬಿಡದೆ ಕಾದುದು ಆಸ್ಪತ್ರೆಯ ಕಾಗದಗಳು.

ಆದಕಾರಣ ನಮ್ಮವರು ಮೊದಲು ಮಾಡಬೇಕಾದುದು ಕಾಗದಗಳನ್ನು ಕೂಡಿಸುವುದು. ರಶೀದಿ, ಔಷಧದ ಚೀಟಿ, ಪರೀಕ್ಷೆಯ ವರದಿ, ಬಿಡುಗಡೆಯ ಪತ್ರ ಇವು ಒಂದೂ ಹೋಗಕೂಡದು. ಕೇಸ್ ಷೀಟಿನ ನಕಲನ್ನು ಬರವಣಿಗೆಯಲ್ಲಿ ಕೇಳಿದರೆ 72 ಗಂಟೆಗಳೊಳಗಾಗಿ ಕೊಡಬೇಕೆಂದು ವೈದ್ಯರ ನಡವಳಿಕೆಯ 2002ರ ನಿಯಮಗಳು ವಿಧಿಸುತ್ತವೆ. ಒಳರೋಗಿಗಳ ದಾಖಲೆಗಳನ್ನು ಇಡಬೇಕಾದುದು ಮೂರು ವರ್ಷ ಮಾತ್ರ. ದುಃಖದ ದಿನಗಳಲ್ಲಿ ಕಾಗದದ ಯೋಚನೆ ಬಾರದೆಂಬುದನ್ನು ನಾವು ಬಲ್ಲೆವು. ಮನೆಯ ಓದಿದ ಹುಡುಗನೋ ಹುಡುಗಿಯೋ ಈ ಕೆಲಸವನ್ನು ವಹಿಸಿಕೊಳ್ಳಬಹುದು.

ಹಣ ಪಡೆದು ನೀಡುವ ಚಿಕಿತ್ಸೆಯು ಗ್ರಾಹಕ ಕಾಯಿದೆಗೆ ಒಳಪಡುವುದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿಯೇ ತೀರ್ಮಾನಿಸಿದೆ. 1986ರ ಕಾಯಿದೆಯಂತೆ ಎದುರು ಪಕ್ಷದವರಿರುವ ಅಥವಾ ಘಟನೆ ನಡೆದ ಜಿಲ್ಲೆಗೇ ಹೋಗಬೇಕಾಗಿತ್ತು. 2020ನೆಯ ಜುಲೈ 20ರಿಂದ ಜಾರಿಗೆ ಬಂದ ಹೊಸ ಕಾಯಿದೆಯು ಗಡಿನಾಡಿನವರಿಗೆ ಒಂದು ದೊಡ್ಡ ಉಪಕಾರವನ್ನು ಮಾಡಿದೆ: ದೂರುದಾರನು ತಾನು ವಾಸಿಸುವ ಜಿಲ್ಲೆಯ ವ್ಯಾಪ್ತಿಯ ಆಯೋಗದಲ್ಲಿಯೇ ದೂರು ಕೊಡಬಹುದು. ಬಳ್ಳಾರಿಯಲ್ಲಿ ಹಾನಿಗೊಳಗಾದ ರಾಯದುರ್ಗದವನಿಗೆ ಅನಂತಪುರವೇ ಸಾಕು. ಮಡಕಶಿರದವರು ಮಾತ್ರ, ತಮ್ಮ ಊರು 2022ರಲ್ಲಿ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದುದರಿಂದ, ವ್ಯಾಪ್ತಿಯನ್ನು ವಿಚಾರಿಸಿಕೊಳ್ಳಬೇಕು. ಕೊಟ್ಟ ಶುಲ್ಕವು ಐವತ್ತು ಲಕ್ಷದೊಳಗಿದ್ದರೆ ಜಿಲ್ಲಾ ಆಯೋಗ. ಐದು ಲಕ್ಷದೊಳಗಿದ್ದರೆ ದೂರಿಗೆ ಶುಲ್ಕವಿಲ್ಲ. ವಕೀಲರನ್ನು ಇಟ್ಟುಕೊಳ್ಳಲೇಬೇಕೆಂದಿಲ್ಲ; ಆದರೆ ವೈದ್ಯಕೀಯ ವಿಷಯದಲ್ಲಿ ಬಲ್ಲವರ ಸಲಹೆ ಮೇಲು. ಎರಡು ವರ್ಷಗಳೊಳಗೆ ದೂರು ಸಲ್ಲಬೇಕು; ತಡವಾದರೆ ತಕ್ಕ ಕಾರಣ ಹೇಳಬೇಕಾಗುತ್ತದೆ.

ಪೊಲೀಸರ ಬಳಿಗೆ ಹೋಗುವವರು 2005ರ ತೀರ್ಪನ್ನು ಅರಿತಿರಲಿ: ಘೋರವಾದ ಅಲಕ್ಷ್ಯವಿಲ್ಲದೆ ವೈದ್ಯನ ಮೇಲೆ ಕ್ರಿಮಿನಲ್ ಮೊಕದ್ದಮೆ ನಿಲ್ಲದು.

ಎಲ್ಲರಿಗೂ ಉಚಿತವಾಗಿ ಚಿಕಿತ್ಸೆ ನೀಡುವ ಸರ್ಕಾರಿ ಆಸ್ಪತ್ರೆಗಳಿಗೆ ಗ್ರಾಹಕ ಕಾಯಿದೆ ಅನ್ವಯಿಸದು. ಹಾಗೆಂದು ಬಡವನಿಗೆ ದಾರಿ ಮುಚ್ಚಿಲ್ಲ. 1963ರಲ್ಲಿ ಔರಂಗಾಬಾದಿನ ಸರ್ಕಾರಿ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಬಾಣಂತಿಯ ಹೊಟ್ಟೆಯೊಳಗೆ ಬಟ್ಟೆಯೊಂದು ಉಳಿದು ಆಕೆ ಮೃತಳಾದಳು. ಮನೆಯವರು ಸಿವಿಲ್ ದಾವೆ ಹೂಡಿದರು. 1996ರಲ್ಲಿ ಸರ್ವೋಚ್ಚ ನ್ಯಾಯಾಲಯವು ಸರ್ಕಾರವೇ ಹೊಣೆಯೆಂದು ತೀರ್ಪಿತ್ತು 36,000 ರೂಪಾಯಿಗಳ ಡಿಕ್ರಿಯನ್ನು ಊರ್ಜಿತಗೊಳಿಸಿತು.