ದೊರೆತನ ಯಾರದು, ಲೆಕ್ಕ ಯಾರಿಗೆ?

ಪ್ರಶ್ನೆ: ದೇವರು ಮನುಷ್ಯನಿಗೆ ಭೂಮಿಯ ಮೇಲೆ ದೊರೆತನ ಕೊಟ್ಟ ಎಂದು ಬೈಬಲ್ ಹೇಳುತ್ತದೆ, ಅದರಿಂದಲೇ ಪಶ್ಚಿಮದವರು ಪ್ರಕೃತಿಯನ್ನು ಹಾಳುಗೆಡವಿದರು ಎಂದು ಕಾಲೇಜಿನಲ್ಲಿ ಓದಿದೆ. ಮುದಗಲ್ಲಿನ ನನ್ನ ಕ್ರೈಸ್ತ ಗೆಳೆಯ ಇದನ್ನು ಸುತಾರಾಂ ಒಪ್ಪುವುದಿಲ್ಲ. ನಿಜ ಯಾವುದು? ಕ್ರೈಸ್ತರಲ್ಲೇ ಈ ಬಗ್ಗೆ ಭಿನ್ನಾಭಿಪ್ರಾಯ ಇದೆಯೇ? ನಮ್ಮ ಕೃಷ್ಣಾ ಹೊಳೆಗೂ ಇದಕ್ಕೂ ಏನಾದರೂ ಸಂಬಂಧ ಉಂಟೇ?
— ಓದುಗರೊಬ್ಬರು, ತಂಗಡಗಿ, ಮುದ್ದೇಬಿಹಾಳ ತಾಲ್ಲೂಕು

ಉತ್ತರ: ಭಿನ್ನಾಭಿಪ್ರಾಯ ಇದೆ, ಅದೂ ಜೋರಾಗಿಯೇ ಇದೆ. ನಿಮ್ಮ ಪಾಠದಲ್ಲಿ ಬಂದ ಆ ಮಾತು ಎಲ್ಲಿಂದ ಹೊರಟಿತು ಎಂಬುದೂ ಗೊತ್ತಿದೆ. ಅಮೆರಿಕದ ಇತಿಹಾಸಕಾರ ಲಿನ್ ವೈಟ್ 1966ರ ಡಿಸೆಂಬರ್‌ನಲ್ಲಿ ವಾಷಿಂಗ್ಟನ್‌ನಲ್ಲಿ ವಿಜ್ಞಾನಿಗಳ ಸಭೆಯಲ್ಲಿ ಒಂದು ಉಪನ್ಯಾಸ ಕೊಟ್ಟರು. 1967ರ ಮಾರ್ಚ್‌ನಲ್ಲಿ ಅದು 'ಸೈನ್ಸ್' ಪತ್ರಿಕೆಯಲ್ಲಿ ಅಚ್ಚಾಯಿತು. ಕೆಲವೇ ಪುಟಗಳ ಆ ಲೇಖನಕ್ಕೆ ಉತ್ತರ ಕೊಡುವ ಕೆಲಸ ಇವತ್ತಿಗೂ ಮುಗಿದಿಲ್ಲ.

ವೈಟ್ ಅವರು ಮಧ್ಯಯುಗದ ತಂತ್ರಜ್ಞಾನ ಓದಿಕೊಂಡವರು. ಉತ್ತರ ಯುರೋಪಿನಲ್ಲಿ ಎಂಟು ಎತ್ತು ಕಟ್ಟಿ ಎಳೆಯುವ ಭಾರೀ ನೇಗಿಲು ಬಂದ ಮೇಲೆ ನೆಲದೊಂದಿಗೆ ರೈತನ ನಂಟೇ ಬದಲಾಯಿತು, ಅಲ್ಲಿಯವರೆಗೆ ನೆಲದ ಮಗನಾಗಿದ್ದವನು ನೆಲವನ್ನು ದೋಚುವವನಾದ ಎಂಬುದು ಅವರ ವಾದದ ಒಂದು ಎಳೆ. ಆ ನೇಗಿಲಿಗೆ ಮನಸ್ಸಿನ ಒಪ್ಪಿಗೆ ಕೊಟ್ಟಿದ್ದು ಪಶ್ಚಿಮದ ಕ್ರೈಸ್ತಧರ್ಮ ಎಂಬುದು ಇನ್ನೊಂದು ಎಳೆ. ಗಿಡ, ಗುಡ್ಡ, ತೊರೆಗಳಲ್ಲಿದ್ದ ದೈವಗಳನ್ನು ಅದು ಓಡಿಸಿತು. ಉಳಿದದ್ದು ಬರೀ ಸರಕು. ಇಷ್ಟು ಬರೆದ ವೈಟ್ ನಾಸ್ತಿಕರಲ್ಲ, ತಾವೇ ಕ್ರೈಸ್ತರು. ಅಸ್ಸಿಸಿಯ ಸಂತ ಫ್ರಾನ್ಸಿಸರನ್ನು ಪರಿಸರ ಚಿಂತಕರ ಪೋಷಕ ಸಂತರೆಂದು ಕರೆಯೋಣ ಎಂದು ಲೇಖನದ ಕೊನೆಗೆ ಅವರೇ ಸೂಚಿಸಿದರು. 1979ರಲ್ಲಿ ಎರಡನೇ ಜಾನ್ ಪಾಲ್ ಪೋಪರು ಹಾಗೆಯೇ ಘೋಷಿಸಿದರು.

ಇನ್ನು ತಕರಾರಿನ ವಚನ. ಆದಿಕಾಂಡದ 1ನೇ ಅಧ್ಯಾಯದ 26ರಿಂದ 28ನೇ ವಚನಗಳನ್ನು ತೆರೆದರೆ, ದೇವರು ಮನುಷ್ಯರನ್ನು ತನ್ನ ಸ್ವರೂಪದಲ್ಲಿ ಉಂಟುಮಾಡಿ, ಭೂಮಿಯನ್ನು ತುಂಬಿಕೊಂಡು ವಶಮಾಡಿಕೊಳ್ಳಿ, ಮೀನು, ಹಕ್ಕಿ, ನೆಲದ ಪ್ರಾಣಿಗಳ ಮೇಲೆಲ್ಲ ದೊರೆತನ ಮಾಡಿ ಎಂದು ಹರಸುತ್ತಾನೆ. ಮೂಲ ಹೀಬ್ರೂ ಮಾತುಗಳೂ ಮೆತ್ತಗಿನವಲ್ಲ. ಯುದ್ಧದಲ್ಲಿ ಗೆದ್ದ ನಾಡಿನ ಬಗ್ಗೆ ಆಡುವಂಥ ಮಾತುಗಳು ಅವು. ಇದನ್ನು ಬೆಣ್ಣೆ ಸವರಿ ಓದುವ ಪುಣ್ಯಾತ್ಮರಿದ್ದಾರೆ. ಹಾಗೆ ಓದಿದರೆ ಜಗಳ ಏಕೆ ಹುಟ್ಟಿತು ಎಂಬುದೇ ತಿಳಿಯುವುದಿಲ್ಲ.

ಈ ವಚನವನ್ನು ದುಡಿಸಿಕೊಂಡವರೂ ಕಡಿಮೆಯಿಲ್ಲ. ಆದಾಮನ ಪಾಪದಿಂದ ಕಳೆದುಹೋದ ಒಡೆತನವನ್ನು ವಿಜ್ಞಾನದಿಂದ ಮರಳಿ ಪಡೆಯಬಹುದು ಎಂದು ಫ್ರಾನ್ಸಿಸ್ ಬೇಕನ್ 1620ರಲ್ಲಿ ಬರೆದ. ದೇವರು ಭೂಮಿ ಕೊಟ್ಟಿದ್ದು ದುಡಿಯುವವರಿಗೆ, ದುಡಿಮೆ ಬೆರೆಸಿದವನದೇ ಭೂಮಿ ಎಂದು ಜಾನ್ ಲಾಕ್ 1689ರಲ್ಲಿ ವಾದ ಹೂಡಿದ. ಕೇಳಲು ನ್ಯಾಯವಾಗಿಯೇ ಇದೆ. ಆದರೆ ಅದೇ ತರ್ಕದಲ್ಲಿ ಅಮೆರಿಕದ ಮೂಲನಿವಾಸಿಗಳು ಬೇಟೆಯಾಡುತ್ತಿದ್ದ ನೆಲ ಯಾರದೂ ಅಲ್ಲದ್ದಾಯಿತು. ನಮ್ಮಲ್ಲಿಯೂ ಬ್ರಿಟಿಷರ ಕಂದಾಯದ ಕಡತಗಳಲ್ಲಿ ದನ ಮೇಯುವ ನೆಲ, ಕುರುಚಲು ಕಾಡು ಎಲ್ಲ 'ಬಂಜರು' ಎಂದು ದಾಖಲಾದವು. ಆದ್ದರಿಂದ ನಿಮ್ಮ ಪಾಠದಲ್ಲಿದ್ದುದು ಹುಸಿಯಲ್ಲ.

ಈಗ ನಿಮ್ಮ ಮುದಗಲ್ಲಿನ ಗೆಳೆಯನ ಕಡೆಯ ಮಾತು ಕೇಳೋಣ. ಆದಿಲ್‌ಶಾಹಿ ಕಾಲದಿಂದ ಅಲ್ಲಿರುವ ಕ್ಯಾಥೋಲಿಕರು ಕನ್ನಡದಲ್ಲೇ ಪ್ರಾರ್ಥಿಸುವ ಜನ. ಆತ ಬಹುಶಃ ಹೇಳುವುದು ಇಷ್ಟು: ಒಂದು ವಚನ ಕಿತ್ತು ಓದಬೇಡ, ಮುಂದಕ್ಕೆ ಓದು.

ಮುಂದಿನ ವಚನದಲ್ಲೇ ಒಂದು ಅಚ್ಚರಿ ಕಾದಿದೆ. ದೊರೆತನ ಕೊಟ್ಟ ದೇವರು ಆ ದೊರೆಗೆ ಕೊಡುವ ಊಟ ಕಾಳು ಮತ್ತು ಹಣ್ಣು ಮಾತ್ರ. ಮಾಂಸಕ್ಕೆ ಅನುಮತಿ ಸಿಗುವುದು 9ನೇ ಅಧ್ಯಾಯದಲ್ಲಿ, ಜಲಪ್ರಳಯ ಮುಗಿದ ಮೇಲೆ. ಅಲ್ಲಿ ದೇವರು ಮಾಡುವ ಒಡಂಬಡಿಕೆಯಲ್ಲಿ ನೋಹನ ಮಕ್ಕಳ ಜೊತೆಗೆ ಹಕ್ಕಿ, ದನಕರು, ಕಾಡುಪ್ರಾಣಿಗಳೂ ಪಾಲುದಾರರು. 2ನೇ ಅಧ್ಯಾಯದಲ್ಲಿ ಮನುಷ್ಯನನ್ನು ತೋಟದಲ್ಲಿ ಇಟ್ಟಿದ್ದು ಅದನ್ನು ಬೇಸಾಯ ಮಾಡಿ ಕಾಯಲಿಕ್ಕೆ. ಯೆಹೆಜ್ಕೇಲನ ಗ್ರಂಥದ 34ನೇ ಅಧ್ಯಾಯದಲ್ಲಿ ಅದೇ ದೊರೆತನ ದೂರಾಗಿ ಬರುತ್ತದೆ: ಕುರಿಯ ಉಣ್ಣೆ ಹೊದ್ದು, ಕೊಬ್ಬಿದ್ದನ್ನು ತಿಂದು, ಕಾಯಿಲೆಯದನ್ನು ಕೈಬಿಟ್ಟ ಕುರುಬರು ಎಂದು ಅರಸರನ್ನೇ ಅದು ಬೈಯುತ್ತದೆ.

ನನಗೆ ಇದೆಲ್ಲಕ್ಕಿಂತ ಗಟ್ಟಿ ಸಾಕ್ಷಿ ಎನಿಸುವುದು ಯಾಜಕಕಾಂಡದ 25ನೇ ಅಧ್ಯಾಯ. ಅಲ್ಲಿ ದೇವರು ನೆಲವನ್ನು ಶಾಶ್ವತವಾಗಿ ಮಾರಕೂಡದು ಎನ್ನುತ್ತಾನೆ. ಏಕೆಂದರೆ ನೆಲ ಅವನದು, ಜನ ಬರೀ ಒಕ್ಕಲು. ನಿಮ್ಮ ಕಡೆ ಲಾವಣಿಗೆ ಹೊಲ ಹಾಕಿಕೊಂಡವನ ಪಾಡು ಅದು. ಉಳುವ, ಬಿತ್ತುವ, ರಾಶಿ ಮಾಡುವ ಹಕ್ಕು ಪೂರ್ತಿ ಇದೆ. ಒಡ್ಡು ಒಡೆದು, ಮೇಲ್ಮಣ್ಣು ಮಾರಿ ಹೋಗುವ ಹಕ್ಕು ಇಲ್ಲ. ಕರಾರುಗಳೂ ಸ್ಪಷ್ಟವಾಗಿವೆ. ಏಳನೇ ವರ್ಷ ನೆಲಕ್ಕೆ ಬಿಡುವು ಕೊಡಬೇಕು. ಹೊಲದ ಅಂಚಿನ ಪೈರನ್ನು ಪೂರ್ತಿ ಕೊಯ್ಯಕೂಡದು, ಬಿದ್ದ ಹಕ್ಕಲನ್ನು ಬಡವರಿಗೆ, ಪರದೇಶಿಗಳಿಗೆ ಬಿಡಬೇಕು. ಊರಿಗೆ ಮುತ್ತಿಗೆ ಹಾಕಿದಾಗಲೂ ಹಣ್ಣಿನ ಮರಕ್ಕೆ ಕೊಡಲಿ ಇಡಕೂಡದು ಎಂದು ಧರ್ಮೋಪದೇಶಕಾಂಡ ಸೇರಿಸುತ್ತದೆ.

ಈ ಪಠ್ಯ ಯಾವ ನೆಲದ ನೆನಪಿನಲ್ಲಿ ಬರೆಯಲ್ಪಟ್ಟಿತು ಎಂಬುದನ್ನೂ ಗಮನಿಸಬೇಕು. ಆದಿಕಾಂಡದ ಮೊದಲ ಅಧ್ಯಾಯ ಈಗಿರುವ ರೂಪಕ್ಕೆ ಬಂದದ್ದು ಕ್ರಿ.ಪೂ. 6ನೇ ಶತಮಾನದ ಆಸುಪಾಸು, ಯೆಹೂದ್ಯರು ಬಾಬಿಲೋನಿಗೆ ಸೆರೆ ಹೋದ ಕಾಲದಲ್ಲಿ ಎಂದು ಬಹಳ ಮಂದಿ ವಿದ್ವಾಂಸರು ಹೇಳುತ್ತಾರೆ. ಆ ಸೀಮೆಯಲ್ಲಿ ದೇವರ ಪ್ರತಿರೂಪ ಎನಿಸಿಕೊಳ್ಳುವ ಭಾಗ್ಯ ಅರಸನೊಬ್ಬನದೇ. ಉಳಿದವರು ಕಾಲುವೆ ತೋಡುವ ಆಳುಗಳು. ಅಂಥಲ್ಲಿ ಸೆರೆಯಾಳುಗಳ ಕುಲವೊಂದು, ಗಂಡು ಹೆಣ್ಣೆನ್ನದೆ ಮನುಷ್ಯರೆಲ್ಲ ದೇವರ ಸ್ವರೂಪ, ಎಲ್ಲರದೂ ದೊರೆತನ ಎಂದು ಹೇಳಿದರೆ, ಅದು ಭೂಮಿಯನ್ನು ದೋಚುವ ಕರೆ ಆಗುವುದಕ್ಕಿಂತ ಮೊದಲು ಅರಸನ ಕಿರೀಟಕ್ಕೆ ಕೈಹಾಕುವ ಮಾತು. ಆ ಸೀಮೆಯೂ ಕಾಲುವೆ ನೀರಾವರಿಯ ಸೀಮೆ. ಅದಕ್ಕೂ ಬಹಳ ಹಿಂದೆಯೇ ದಕ್ಷಿಣ ಮೆಸಪೊಟೇಮಿಯಾದಲ್ಲಿ ಹೊಲಗಳಿಗೆ ಉಪ್ಪೇರಿ, ಗೋಧಿ ಬೆಳೆಯುವುದು ಕೈಬಿಟ್ಟು ಉಪ್ಪು ತಾಳುವ ಬಾರ್ಲಿಗೆ ರೈತರು ತಿರುಗಿದ್ದರು. ಸೆರೆವಾಸಕ್ಕೆ ಕಾರಣ ಹೇಳುವಾಗ ಪೂರ್ವಕಾಲವೃತ್ತಾಂತದ ಎರಡನೇ ಗ್ರಂಥ, ಜನ ಊರು ಬಿಟ್ಟ ಮೇಲೆ ನೆಲಕ್ಕೆ ಸಲ್ಲಬೇಕಾಗಿದ್ದ ಬಿಡುವು ಸಂದಿತು ಎನ್ನುತ್ತದೆ. ಒಕ್ಕಲು ಕರಾರು ಮುರಿದ, ಒಡೆಯ ನೆಲ ಬಿಡಿಸಿಕೊಂಡ ಎಂದೇ ಅರ್ಥ.

ಹಾಗಾದರೆ ಜಗಳ ತೀರಿತೇ? ಇಲ್ಲ. ಕ್ರೈಸ್ತರ ನಡುವೆಯೇ ನಾಲ್ಕು ದಾರಿಗಳಿವೆ.

ಮೊದಲನೆಯದು ಪಾರುಪತ್ಯದ ದಾರಿ: ಒಡೆಯ ದೇವರು, ಮನುಷ್ಯ ಬರೀ ಪಾರುಪತ್ಯಗಾರ. ಬಹುತೇಕ ಚರ್ಚುಗಳು ಇಲ್ಲೇ ನಿಂತಿವೆ. ಪೋಪ್ ಫ್ರಾನ್ಸಿಸರು 2015ರಲ್ಲಿ ಹೊರಡಿಸಿದ 'ಲೌದಾತೊ ಸೀ' ಪತ್ರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ಕ್ರೈಸ್ತರು ಕೆಲವೊಮ್ಮೆ ಈ ವಚನವನ್ನು ತಪ್ಪಾಗಿ ಅರ್ಥೈಸಿದ್ದು ನಿಜ ಎಂದು ಒಪ್ಪಿದರು. ಉಳಿದ ಜೀವಿಗಳ ಮೇಲೆ ಅಂಕೆಯಿಲ್ಲದ ಒಡೆತನ ಎಂಬುದನ್ನು ಸಾರಾಸಗಟಾಗಿ ತಳ್ಳಿಹಾಕಿದರು.

ಎರಡನೆಯದು ಅಮೆರಿಕದ ಸಂಪ್ರದಾಯಸ್ಥರಲ್ಲಿ ಬಲವಾಗಿರುವ ದಾರಿ. 2000ದಲ್ಲಿ ಬಂದ ಕಾರ್ನ್‌ವಾಲ್ ಘೋಷಣೆ ಇದರ ಕೈಪಿಡಿ. ಮನುಷ್ಯನನ್ನು ಬರೀ ಹೊಲಸು ಮಾಡುವವನಂತೆ ನೋಡಬೇಡಿ, ಆತ ಸಂಪತ್ತು ಹುಟ್ಟಿಸುವವನೂ ಹೌದು. ಬಡವರಿಗೆ ವಿದ್ಯುತ್ತು, ನೀರು, ಕೆಲಸ ಬೇಕು, ಪರಿಸರದ ಹೆಸರಿನಲ್ಲಿ ಅದನ್ನು ತಡೆಯುವುದೇ ಪಾಪ ಎಂಬುದು ಇವರ ವಾದ. ಹವಾಮಾನ ಬದಲಾವಣೆಯ ಎಚ್ಚರಿಕೆಗಳನ್ನು ಇವರು ಹಗುರವಾಗಿ ಕಾಣುವುದು ನನಗೆ ಒಪ್ಪಿಗೆಯಿಲ್ಲ. ಆದರೆ ಬರಗಾಲದ ಸೀಮೆಯಲ್ಲಿ ಹುಟ್ಟಿದವರು ಆ ಮೊದಲರ್ಧವನ್ನು ನಕ್ಕು ತಳ್ಳಿಹಾಕಲಾರರು.

ಮೂರನೆಯವರಿಗೆ ಪಾರುಪತ್ಯದ ಮಾತೂ ಸಾಲದು. ಕೇರಳದ ಆರ್ಥೊಡಾಕ್ಸ್ ಧರ್ಮಾಧ್ಯಕ್ಷ ಪೌಲೋಸ್ ಮಾರ್ ಗ್ರೆಗೋರಿಯೋಸ್ 1978ರಲ್ಲೇ ಬರೆದ ಪುಸ್ತಕದಲ್ಲಿ ಇದನ್ನು ಎತ್ತಿದರು: ಮೇಲ್ವಿಚಾರಕ ಎಂದೊಡನೆ ಪ್ರಕೃತಿ ಮತ್ತೆ ಯಾರದೋ ಆಸ್ತಿಯೇ ಆಯಿತಲ್ಲ? ಸೃಷ್ಟಿಯನ್ನು ದೇವರಿಗೆ ಎತ್ತಿ ಅರ್ಪಿಸುವ ಪೂಜಾರಿಯ ಜಾಗ ಮನುಷ್ಯನದು ಎಂದು ಅವರ ನಿಲುವು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜಿನಲ್ಲಿ ಪಾಠ ಹೇಳಿದ ಜಾರ್ಜ್ ಝಕರಾಯ ಇನ್ನೊಂದು ಕಡೆಯಿಂದ ಬಂದರು. ನರ್ಮದಾ ಆಂದೋಲನದ ಜನರನ್ನೇ ಗುರುಗಳನ್ನಾಗಿ ಮಾಡಿಕೊಂಡು ಭೂಮಿಯ ನೀತಿಯನ್ನು ಬರೆದರು. ಸ್ವಂತ ನೆಲವೇ ಇಲ್ಲದ ದಲಿತ, ಆದಿವಾಸಿಗಳಿಗೆ 'ಮನುಷ್ಯನ ದೊರೆತನ' ಎಂದರೆ ಯಾವ ಮನುಷ್ಯನದು ಎಂಬ ಪ್ರಶ್ನೆ ಭಾರತದ ಈ ಬಗೆಯ ಚಿಂತನೆಯ ನಡುಗಂಬ.

ನಾಲ್ಕನೆಯವರು ಖಡಕ್ಕಾಗಿ, ಈ ವಚನಕ್ಕೆ ರಿಪೇರಿ ಇಲ್ಲ ಎನ್ನುತ್ತಾರೆ. ಆಸ್ಟ್ರೇಲಿಯಾದ ನಾರ್ಮನ್ ಹೇಬಲ್ ಭೂಮಿಯ ಪರವಾಗಿ ನಿಂತು ಬೈಬಲ್ ಓದಿದವರು. ಕೆಲವು ವಚನ ಭೂಮಿಗೆ ಅನ್ಯಾಯ ಮಾಡಿವೆ, ಮಾಡಿವೆ ಎಂದು ಒಪ್ಪಿ, ಬೇರೆ ವಚನಗಳ ಕಡೆ ಹೋಗೋಣ ಎಂಬುದು ಅವರ ಮಾತಿನ ಸಾರ.

ನಿಮ್ಮ ಮೂರನೆಯ ಪ್ರಶ್ನೆ ಹೊಳೆಯದು. ತಂಗಡಗಿ ಇರುವುದು ಎರಡು ಅಣೆಕಟ್ಟುಗಳ ನಡುವೆ. ಮೇಲೆ ಆಲಮಟ್ಟಿ, 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದ್ದು. ಕೆಳಗೆ ನಾರಾಯಣಪುರದ ಬಸವಸಾಗರ, 1982ರ ಹೊತ್ತಿಗೆ ಮುಗಿದದ್ದು. ಕೂಡಲಸಂಗಮಕ್ಕೆ ಹೋದಾಗ ಬಸವಣ್ಣನವರ ಐಕ್ಯಮಂಟಪ ನೋಡಿಯೇ ಇರುತ್ತೀರಿ. ಹಿನ್ನೀರು ನುಂಗದಂತೆ ಸುತ್ತ ಬಾವಿಯಂತೆ ಕಾಂಕ್ರೀಟು ಗೋಡೆ ಎಬ್ಬಿಸಿದ್ದಾರೆ. ಮೆಟ್ಟಿಲಿಳಿದು ಲಿಂಗದ ಮುಂದೆ ನಿಂತರೆ, ಹೊಳೆ ತುಂಬಿದ ದಿನ ಗೋಡೆಯಾಚೆ ನೀರು ನಿಮ್ಮ ತಲೆಗಿಂತ ಮೇಲಿರುತ್ತದೆ. ಮನುಷ್ಯನ ದೊರೆತನ ಎಂದರೇನು ಎಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಅದನ್ನೇ. ಹೊಳೆಯನ್ನು ನಿಲ್ಲಿಸಿದವರೂ ನಾವೇ, ನಿಂತ ಹೊಳೆಯಿಂದ ಮಂಟಪವನ್ನು ಉಳಿಸಿದವರೂ ನಾವೇ.

ಆ ದೊರೆತನ ಅನ್ನ ಕೊಟ್ಟಿದೆ, ಸುಳ್ಳಲ್ಲ. ಡೋಣಿ ಹರಿದರೆ ಓಣಿ ತುಂಬ ಜೋಳ ಎಂದು ಮಳೆಯ ಮರ್ಜಿ ಕಾಯುತ್ತಿದ್ದ ಜಿಲ್ಲೆಗೆ ಕಾಲುವೆ ಬಂದಿದೆ. ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದ್ದೂ ಅದೇ ಲೆಕ್ಕದಲ್ಲಿ. ಎರೆಹೊಲಕ್ಕೆ ಹದ ಮೀರಿ ನೀರು ಬಿಟ್ಟಲ್ಲಿ ಇನ್ನೊಂದು ಬಾಕಿಯೂ ಏರಿದೆ. ಜಿಗುಟು ಮಣ್ಣಿನಲ್ಲಿ ನೀರು ಇಂಗಿ ಹೋಗುವುದಿಲ್ಲ. ಅಂತರ್ಜಲ ಬೇರಿನ ಮಟ್ಟಕ್ಕೆ ಏರುತ್ತದೆ, ಬಿಸಿಲಿಗೆ ನೀರು ಆವಿಯಾಗುತ್ತದೆ, ಉಪ್ಪು ಮೇಲೆ ಉಳಿಯುತ್ತದೆ. ಬೇಸಿಗೆಯಲ್ಲಿ ಕರಿನೆಲದ ಮೇಲೆ ಬಿಳಿ ಹೊಪ್ಪಳೆ ಎದ್ದು, ಬಿತ್ತಿದ ಕಾಳು ಅಲ್ಲಲ್ಲಿ ಮಾತ್ರ ಮೊಳೆಯುತ್ತದೆ. ರೈತರು ಸವಳು-ಜವಳು ಎನ್ನುವುದು ಇದಕ್ಕೇ. ಬಾಬಿಲೋನಿನ ಸೀಮೆಯ ಹೊಲಕ್ಕೆ ಬಂದ ರೋಗವೂ ಇದೇ ಜಾತಿಯದು.

ಲಿನ್ ವೈಟ್ ಅವರ ವಾದದ ಸರಪಳಿ ಸಡಿಲವಾಗುವುದು ಇಲ್ಲಿ. ಹೀಗೆ ನೀರು ಬಿಟ್ಟವರಲ್ಲಿ ಯಾರೂ ಆದಿಕಾಂಡ ಓದಿ ಬಿಡಲಿಲ್ಲ. ದಕ್ಷಿಣ ಮೆಸಪೊಟೇಮಿಯಾದ ಆ ಹಳೆಯ ಸುಮೇರಿನವರಿಗೆ ಆ ಗ್ರಂಥವೇ ಇರಲಿಲ್ಲ. ಬೈಬಲ್ ಕಾಲಿಡುವ ಮೊದಲೇ ಚೀನಾದ ಕಾಡುಗಳು ಬೋಳಾಗಿದ್ದವು. ದೋಚುವ ಕೈಗೆ ಶಾಸ್ತ್ರದ ಅಗತ್ಯ ಇಲ್ಲ, ಸಿಕ್ಕರೆ ಬಳಸಿಕೊಳ್ಳುತ್ತದೆ, ಅಷ್ಟೆ.

ನಿಮ್ಮೂರಿನ ನೀಲಮ್ಮನ ಕಥೆಯನ್ನು ಈ ಚರ್ಚೆಯೊಳಗೆ ತರಬೇಕೆನಿಸುತ್ತದೆ. ಸಂಗಮದಿಂದ ಬಸವಣ್ಣನವರು ಹಡಪದ ಅಪ್ಪಣ್ಣನನ್ನು ಕಳಿಸಿ ಹೆಂಡತಿಯನ್ನು ಕರೆಸಿದರು. ಆಕೆ ಹೊಳೆಯ ಈಚೆ ದಡ ಮುಟ್ಟುವಷ್ಟರಲ್ಲಿ ಅವರು ಐಕ್ಯರಾದ ಸುದ್ದಿ ಬಂತು. ಆ ದಡದಲ್ಲಿರುವ ಸಂಗಯ್ಯ ಈ ದಡದಲ್ಲೂ ಇದ್ದಾನೆ ಎಂದುಕೊಂಡ ಆಕೆ ತಂಗಡಗಿಯಲ್ಲೇ ಲಿಂಗೈಕ್ಯಳಾದಳು ಎಂಬುದು ಪರಂಪರೆಯ ಮಾತು. ಬೈಬಲಿನ ಒಡೆಯನಿಗೂ ನೀಲಮ್ಮನ ಸಂಗಯ್ಯನಿಗೂ ಇಲ್ಲೊಂದು ಅಂತರ ಇದೆ. ಯಾಜಕಕಾಂಡದ ದೇವರು ನೆಲದ ಮಾಲೀಕ, ನೆಲದಿಂದ ಬೇರೆ ನಿಂತು ಲೆಕ್ಕ ಕೇಳುವವನು. ನೀಲಮ್ಮನಿಗೆ ಅವನು ಕಾಲ ಕೆಳಗಿನ ನೆಲದಲ್ಲೇ ಸಿಕ್ಕಿದ. ಎಲ್ಲ ಧರ್ಮದ ಸಾರ ಒಂದೇ ಎಂದು ತೇಲಿಸಿಬಿಡುವ ಬದಲು ಈ ಅಂತರ ಇಟ್ಟುಕೊಂಡೇ ಮಾತಾಡುವುದು ಒಳ್ಳೆಯದು. ದೈವ ಎಲ್ಲೆಲ್ಲೂ ಇದೆ ಎಂದು ನಂಬಿದ ನಾವು ಹೊಳೆಯ ಮರಳು ಬಗೆದು ಸಾಗಿಸುವುದನ್ನೇನೂ ಬಿಟ್ಟಿಲ್ಲವಲ್ಲ. ಪವಿತ್ರ ಎಂದು ಕೈಮುಗಿಯುವುದು ಸುಲಭ, ಲೆಕ್ಕ ಒಪ್ಪಿಸುವುದು ಕಷ್ಟ. ಆ ಎರಡನೆಯ ಪಾಠಕ್ಕೆ ನಮ್ಮಲ್ಲಿ ಶರಣರ ದಾಸೋಹವಿದೆ, ಅವರಲ್ಲಿ ಏಳನೇ ವರ್ಷದ ಬಿಡುವಿದೆ. ಗಳಿಸಿದ್ದೆಲ್ಲ ನನ್ನದಲ್ಲ ಎಂಬಲ್ಲಿ ಎರಡೂ ಕೂಡುತ್ತವೆ.

ನನ್ನ ತೀರ್ಪು ಕೇಳಿದರೆ: ಬೈಬಲ್ ಮನುಷ್ಯನಿಗೆ ದೊರೆತನ ಕೊಟ್ಟಿರುವುದು ನಿಜ, ಅದರಲ್ಲಿ ನಿಮ್ಮ ಪಾಠ ಸರಿ. ಆದರೆ ಬಿಡುಬೀಸಾಗಿ ಕೊಟ್ಟಿಲ್ಲ, ಮೇಲೊಬ್ಬ ಒಡೆಯನನ್ನು ಇಟ್ಟೇ ಕೊಟ್ಟಿದೆ, ಅದರಲ್ಲಿ ನಿಮ್ಮ ಗೆಳೆಯ ಸರಿ. ಕೆಟ್ಟದ್ದು ಮೇಲಿನ ಒಡೆಯನನ್ನು ಮರೆತು ದೊರೆತನವನ್ನಷ್ಟೇ ಇಟ್ಟುಕೊಂಡಾಗ. ಆಲಮಟ್ಟಿಯ ನೀರನ್ನು 519.6 ಮೀಟರಿನಿಂದ 524.256 ಮೀಟರಿಗೆ ಏರಿಸುವ ಮಾತು ವರ್ಷಗಳಿಂದ ನಡೆದಿದೆ. ಏರಿಸಬೇಕೇ ಬೇಡವೇ ಎಂಬುದಕ್ಕೆ ಆದಿಕಾಂಡದಲ್ಲಿ ಉತ್ತರ ಸಿಗದು. ಮುಳುಗುವವನಿಗೆ ಏನು, ಹೊಲದ ಉಪ್ಪಿಗೆ ಯಾರು ಹೊಣೆ, ಹೊಳೆಗೆ ಎಷ್ಟು ಬಿಡುವು ಎಂಬ ಮೂರು ಪ್ರಶ್ನೆ ಮೊದಲು ಕೇಳಬೇಕು ಎಂಬುದು ಯಾಜಕಕಾಂಡದಲ್ಲಿ ಖಂಡಿತ ಸಿಗುತ್ತದೆ.

ಗೆಳೆಯನ ಮನೆಯಲ್ಲಿ ಕನ್ನಡ ಬೈಬಲ್ ಇದ್ದೇ ಇರುತ್ತದೆ. ಇಬ್ಬರೂ ಕೂತು ಆದಿಕಾಂಡ 1 ಮತ್ತು 2, ಯಾಜಕಕಾಂಡ 25, ಯೆಹೆಜ್ಕೇಲ 34 ಓದಿ. ಆಮೇಲೆ ಯೋಬನ ಗ್ರಂಥದ 38ರಿಂದ 41ನೇ ಅಧ್ಯಾಯ. ಮನುಷ್ಯನಿಗೆ ಯಾವ ಉಪಯೋಗಕ್ಕೂ ಬಾರದ ಕಾಡುಕತ್ತೆ, ಉಷ್ಟ್ರಪಕ್ಷಿ, ಹದ್ದುಗಳ ಬಗ್ಗೆ ದೇವರು ಅಲ್ಲಿ ಅಧ್ಯಾಯಗಟ್ಟಲೆ ಹೆಮ್ಮೆಯಿಂದ ಮಾತಾಡುತ್ತಾನೆ, ದೊರೆಯ ಸುದ್ದಿಯನ್ನೇ ಎತ್ತುವುದಿಲ್ಲ. ಅಷ್ಟು ಓದಿದ ಮೇಲೂ ಜಗಳ ಉಳಿದರೆ, ಅದು ಆಡಲು ಯೋಗ್ಯವಾದ ಜಗಳ.