ಕೂಸಿಗೆ ಗಾಲಿ ಬೇಡ, ಕೌದಿ ಹಾಸು

ತಂಗೀ, ಆರು ತಿಂಗಳ ಕೂಸಿಗೆ ಮಸ್ಕಿ ಪೇಟೆಯಿಂದ ವಾಕರ್ ತಂದೆಯಂತೆ. ವಳಕಮದಿನ್ನಿಯಲ್ಲಿ ಕೂತೇ ನನಗೆ ಸುದ್ದಿ ಮುಟ್ಟಿತು. ಪಕ್ಕದ ಮನೆಯ ಕೂಸು ಆಗಲೇ ಕೂಡುತ್ತದೆ ಅಂತ ನಿನಗೆ ನಿದ್ದೆಯಿಲ್ಲ. ನೀನು ಜಾಣೆಯೇ. ಆದರೆ ಹಂಚು ಕಾಯುವ ಮೊದಲೇ ರೊಟ್ಟಿ ಹಾಕುವ ಕೈ ನಿನ್ನದು!

ವಿಶ್ವ ಆರೋಗ್ಯ ಸಂಸ್ಥೆಯವರು ನಮ್ಮ ದೇಶವೂ ಸೇರಿ ಐದು ದೇಶಗಳ ಕೂಸುಗಳನ್ನು ನೋಡಿ ಲೆಕ್ಕ ಹಾಕಿದ್ದಾರೆ. ಆಸರೆಯಿಲ್ಲದೆ ಕೂಡುವುದು ಸುಮಾರು 4ರಿಂದ 9 ತಿಂಗಳೊಳಗೆ, ತಾನೇ ನಡೆಯುವುದು 8ರಿಂದ 18 ತಿಂಗಳೊಳಗೆ. ನಿನಗೇಕೆ ಇಷ್ಟು ಗಡಿಬಿಡಿ? ವಾಕರ್‌ನಿಂದ ನಡಿಗೆ ಬೇಗ ಬರುವುದಿಲ್ಲ. ಉರುಳಿ ಬೀಳುವ, ಒಲೆಯ ತನಕ ಓಡುವ ಅಪಾಯವೇ ಹೆಚ್ಚು. ಕೆನಡಾದವರು 2004ರಲ್ಲೇ ಅದರ ಮಾರಾಟ ನಿಷೇಧಿಸಿದರು.

ಮತ್ತೇನು ಮಾಡಲಿ ಅನ್ನುತ್ತೀ. ಕೂಸು ಎಚ್ಚರವಿದ್ದಾಗ ನೆಲಕ್ಕೆ ಕೌದಿ ಹಾಸಿ ಬೋರಲು ಮಲಗಿಸು. ಅತ್ತರೆ ಎತ್ತಿಕೋ, ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಮಲಗಿಸು. ದಿನಕ್ಕೆ ಎಲ್ಲ ಸೇರಿ ಅರ್ಧ ತಾಸಾದರೂ ಆಗಲಿ. ಕುತ್ತಿಗೆ, ಭುಜ, ಬೆನ್ನು ಗಟ್ಟಿಯಾಗುವುದು ಹಾಗೆ. ನಿದ್ದೆಗೆ ಮಾತ್ರ ಅಂಗಾತವೇ ಮಲಗಿಸಬೇಕು. ಸ್ಟೀಲ್ ಬಟ್ಟಲನ್ನು ಒಂದು ಗೇಣು ಆಚೆ ಇಡು. ಕೂಸು ಕೈ ಚಾಚಲಿ. ನಿನ್ನ ತೊಡೆಗಳ ನಡುವೆ ಕೂಡಿಸಿಕೊಂಡು ಆಡಿಸು. ಎಣ್ಣೆ ಹಚ್ಚುವಾಗ ಮೆಲ್ಲಗೆ ಸವರು, ಕಿವಿ-ಮೂಗಿಗೆ ಬಿಡಬೇಡ. ಇದು ಕೈ, ಇದು ಕಾಲು ಅಂತ ಮಾತಾಡಿಸುತ್ತಿರು. ತುತ್ತು ತಿನ್ನಿಸಲು ಮೊಬೈಲ್ ಹಿಡಿಯಬೇಡ.

ತಾಯಿಯ ಮೈಬಿಸಿಯೇ ಒಂದು ಮದ್ದು. ಕಡಿಮೆ ತೂಕದಲ್ಲಿ ಹುಟ್ಟಿದ ಕೂಸನ್ನು ಬರಿಯೆದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಪಕ್ಕದ ಕೊಪ್ಪಳ ಜಿಲ್ಲೆಯಲ್ಲಿ ಆಸ್ಪತ್ರೆಯಿಂದ ಮನೆಯವರೆಗೆ ಮಾಡಿ ತೋರಿಸಿದ್ದಾರೆ. ಅಪ್ಪನ ಎದೆಯೂ ಅಷ್ಟೇ ಬೆಚ್ಚಗಿರುತ್ತದೆ; ನಿನ್ನ ಗಂಡನಿಗೂ ಹೇಳು, ಕೂಸನ್ನು ಎತ್ತಿಕೊಳ್ಳಲಿ.

ತಾಳು ಅಂದೆನೆಂದು ಕಣ್ಣು ಮುಚ್ಚಿ ಕೂಡಬೇಡ. ನಾಲ್ಕು ತಿಂಗಳು ತುಂಬಿದರೂ ಕುತ್ತಿಗೆ ನಿಲ್ಲದಿದ್ದರೆ, ಒಂಬತ್ತಾದರೂ ಕೂಡದಿದ್ದರೆ, ಸದ್ದಿಗೆ ತಿರುಗದಿದ್ದರೆ, ಒಂದೇ ಕೈ ಆಡಿಸುತ್ತಿದ್ದರೆ ಆಶಾ ಕಾರ್ಯಕರ್ತೆಗೆ ತಿಳಿಸಿ ಮಕ್ಕಳ ಡಾಕ್ಟರಿಗೆ ತೋರಿಸು. ಯಾರು ಏನೇ ಅಂದರೂ ಕೂಸಿಗೆ ಬರೆ ಮಾತ್ರ ಹಾಕಿಸಬೇಡ.

ನಾಳೆ ಮಸ್ಕಿಗೆ ಹೋದಾಗ ಆ ವಾಕರ್ ವಾಪಸ್ ಕೊಟ್ಟು ಬಾ. ಹಳೇ ಸೀರೆಯ ಕೌದಿ ಒಂದು ಹೊಲಿದಿಟ್ಟಿದ್ದೇನೆ, ಬಂದು ಒಯ್ಯಿ.