ಚರ್ಮದ ದಿನಚರಿ

ನಮ್ಮ ಪೂರ್ವಿಕರು ದಿನಚರ್ಯೆಯನ್ನು ವೈದ್ಯಶಾಸ್ತ್ರದ ಒಂದು ಅಂಗವೆಂದೇ ಭಾವಿಸಿದ್ದರು. ವಾಗ್ಭಟನ ‘ಅಷ್ಟಾಂಗಹೃದಯ’ದ ಸೂತ್ರಸ್ಥಾನದಲ್ಲಿ ಎರಡನೆಯ ಅಧ್ಯಾಯವು ದಿನಚರ್ಯೆಗೂ, ಮೂರನೆಯದು ಋತುಚರ್ಯೆಗೂ ಮೀಸಲಾಗಿವೆ. ಅಭ್ಯಂಗ, ವ್ಯಾಯಾಮ, ಸ್ನಾನ ಮೊದಲಾದವುಗಳ ಕ್ರಮವನ್ನು ಅಲ್ಲಿ ವಿವರಿಸಲಾಗಿದೆ. ಒಂದೇ ಬಗೆಯ ಆರೈಕೆಯು ಎಲ್ಲ ಹೊತ್ತಿಗೂ, ಎಲ್ಲ ಋತುವಿಗೂ ಸಲ್ಲದೆಂಬ ತಿಳಿವಳಿಕೆ ಅದರ ಹಿಂದಿದೆ. ಇಂದಿನ ವಿಜ್ಞಾನವು ಬೇರೊಂದು ದಾರಿಯಲ್ಲಿ ನಡೆದು ಇದಕ್ಕೆ ಸಮೀಪವಾದ ನಿಲುವಿಗೆ ಬಂದಿರುವುದು ಗಮನಾರ್ಹ.

ಈ ಲೇಖಕನು ವಾಣಿಜ್ಯಶಾಸ್ತ್ರ ಓದಿ ಬ್ಯಾಂಕಿನಲ್ಲಿ ಕೆಲಸ ಮಾಡುವವನೇ ಹೊರತು ವೈದ್ಯನಲ್ಲ. ಓದಿ ತಿಳಿದ ಕೆಲವು ಸಂಗತಿಗಳನ್ನು ಹೈದರಾಬಾದಿನ ಹವೆಗೂ ಇಲ್ಲಿನ ಕನ್ನಡಿಗರ ಜೀವನಕ್ರಮಕ್ಕೂ ಹೊಂದಿಸಿ ನಿರೂಪಿಸುವುದಷ್ಟೇ ಈ ಲೇಖನದ ಉದ್ದೇಶ.

ದೇಹದೊಳಗಿನ ಗಡಿಯಾರ

ವಯಸ್ಕ ವ್ಯಕ್ತಿಯ ಚರ್ಮದ ವಿಸ್ತೀರ್ಣವು ಸುಮಾರು ಒಂದೂವರೆಯಿಂದ ಎರಡು ಚದರ ಮೀಟರು. ಇದನ್ನು ನಾವು ಕೇವಲ ಹೊದಿಕೆಯೆಂದು ತಿಳಿಯುವುದು ವಾಡಿಕೆ. ವಾಸ್ತವವಾಗಿ ಇದು ಹಗಲಿರುಳು ದುಡಿಯುವ ಅಂಗ. ದುಡಿಮೆಗೆ ಇದರದೇ ಆದ ವೇಳಾಪಟ್ಟಿಯೂ ಉಂಟು.

ಜೀವಿಗಳ ಒಳಗಡಿಯಾರವು ಹೇಗೆ ನಡೆಯುತ್ತದೆಂಬುದನ್ನು ಹಣ್ಣುನೊಣಗಳ ಮೇಲಿನ ಪ್ರಯೋಗಗಳಿಂದ ಕಂಡುಹಿಡಿದ ಜೆಫ್ರಿ ಹಾಲ್, ಮೈಕೇಲ್ ರಾಸ್‌ಬ್ಯಾಷ್ ಮತ್ತು ಮೈಕೇಲ್ ಯಂಗ್ ಎಂಬ ಮೂವರು ಅಮೆರಿಕನ್ ವಿಜ್ಞಾನಿಗಳಿಗೆ ೨೦೧೭ರಲ್ಲಿ ವೈದ್ಯಶಾಸ್ತ್ರದ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ಮಿದುಳಿನಲ್ಲಿ ಒಂದು ಪ್ರಧಾನ ಗಡಿಯಾರವಿದ್ದು, ಕಣ್ಣಿನ ಮೂಲಕ ಬರುವ ಬೆಳಕನ್ನು ಅನುಸರಿಸಿ ತನ್ನ ವೇಳೆಯನ್ನು ಸರಿಪಡಿಸಿಕೊಳ್ಳುತ್ತದೆ. ಚರ್ಮದ ಜೀವಕೋಶಗಳಲ್ಲಿಯೂ ಇಂತಹ ಚಿಕ್ಕ ಗಡಿಯಾರಗಳಿವೆ. ಪ್ರಧಾನ ಕಚೇರಿಯ ಸುತ್ತೋಲೆಗೆ ಶಾಖೆಗಳು ನಡೆದುಕೊಳ್ಳುವಂತೆ ಇವು ಮಿದುಳಿನ ಗಡಿಯಾರಕ್ಕೆ ಹೊಂದಿಕೊಂಡು ನಡೆಯುತ್ತವೆ.

ಹಗಲಿನ ಕೆಲಸ, ರಾತ್ರಿಯ ಕೆಲಸ

ಹಗಲಿನಲ್ಲಿ ಚರ್ಮದ ಮುಖ್ಯ ಕರ್ತವ್ಯವೆಂದರೆ ರಕ್ಷಣೆ. ಬಿಸಿಲು, ಧೂಳು, ಹೊಗೆ, ರೋಗಾಣು ಇವುಗಳನ್ನು ಹೊರಗೇ ತಡೆಯಬೇಕು. ಮುಖದ ಗ್ರಂಥಿಗಳಿಂದ ಎಣ್ಣೆ ಜಿನುಗುವುದು ನಡುಹಗಲಿನ ವೇಳೆಗೆ ಹೆಚ್ಚಾಗಿ, ರಾತ್ರಿ ಕಡಮೆಯಾಗುತ್ತದೆ. ಬೆಳಿಗ್ಗೆ ತೊಳೆದ ಮುಖವು ಮಧ್ಯಾಹ್ನಕ್ಕೆ ಜಿಡ್ಡಾಗುವುದಕ್ಕೆ ಸೆಕೆಯೊಂದೇ ಕಾರಣವಲ್ಲ.

ರಾತ್ರಿಯಲ್ಲಿ ದುರಸ್ತಿಯ ಕೆಲಸ ಮುಂದಾಗುತ್ತದೆ. ಹೊರಚರ್ಮದ ಜೀವಕೋಶಗಳ ವಿಭಜನೆಯು ನಡುರಾತ್ರಿಯ ವೇಳೆಗೆ ಅಧಿಕವಾಗಿರುವುದನ್ನು ಶೆವಿಂಗ್ ಎಂಬ ಅಮೆರಿಕನ್ ವಿಜ್ಞಾನಿ ೧೯೫೯ರಲ್ಲಿಯೇ ಪ್ರಕಟಿಸಿದ್ದರು. ಅದೇ ಹೊತ್ತಿನಲ್ಲಿ ಇನ್ನೊಂದು ವ್ಯತ್ಯಾಸವೂ ಆಗುತ್ತದೆ. ಸಂಜೆಯಿಂದ ಚರ್ಮದ ಉಷ್ಣತೆ ಏರುತ್ತದೆ, ಚರ್ಮದ ಮೂಲಕ ದೇಹದ ತೇವ ಹೊರಹೋಗುವುದೂ ಹೆಚ್ಚುತ್ತದೆ. ಅಂದರೆ, ರಾತ್ರಿಯ ಚರ್ಮವು ದುರಸ್ತಿಯಲ್ಲಿ ತೊಡಗಿದ್ದರೂ ತೇವದ ವಿಷಯದಲ್ಲಿ ನಷ್ಟದಲ್ಲಿರುತ್ತದೆ.

ಇಷ್ಟು ತಿಳಿದ ಮೇಲೆ ಆರೈಕೆಯ ಸೂತ್ರ ಸರಳವಾಗಿದೆ: ಹಗಲಿಗೆ ಕಾವಲು, ರಾತ್ರಿಗೆ ಪೋಷಣೆ.

ಹೈದರಾಬಾದಿನ ಬಿಸಿಲು

ಕಲಬುರಗಿ, ರಾಯಚೂರು, ಬೀದರುಗಳಿಂದ ಬಂದವರಿಗೆ ಇಲ್ಲಿನ ಬಿಸಿಲು ಹೊಸದಲ್ಲ. ಮಲೆನಾಡು, ಕರಾವಳಿಗಳಿಂದ ಬಂದವರಿಗೆ ಮಾತ್ರ ಇಲ್ಲಿನ ಒಣಹವೆ ಒಡನೆಯೇ ಅರಿವಿಗೆ ಬರುತ್ತದೆ. ಮಂಗಳೂರಿನ ತೇವದ ಗಾಳಿಯಲ್ಲಿ ಏನೂ ಹಚ್ಚದೆ ಚೆನ್ನಾಗಿದ್ದ ಚರ್ಮವು ಇಲ್ಲಿನ ಡಿಸೆಂಬರ್, ಜನವರಿಗಳಲ್ಲಿ ಬಿರುಕು ಬಿಡುವುದುಂಟು. ಇದರೊಂದಿಗೆ ಅನೇಕ ಬಡಾವಣೆಗಳ ಬೋರ್‌ವೆಲ್ ನೀರು ಗಡಸು; ಸಾಬೂನು ಸರಿಯಾಗಿ ನೊರೆಯೇಳದೆ ಮೈಮೇಲೆ ಅಂಟಿ ಉಳಿಯುತ್ತದೆ.

ನಮ್ಮ ಗಡಿಯಾರಗಳು ೮೨.೫ ಡಿಗ್ರಿ ಪೂರ್ವ ರೇಖಾಂಶದ ವೇಳೆಯನ್ನು ತೋರಿಸುತ್ತವೆ. ಹೈದರಾಬಾದು ಇರುವುದು ಸುಮಾರು ೭೮.೫ ಡಿಗ್ರಿಯಲ್ಲಿ. ಒಂದು ಡಿಗ್ರಿಗೆ ೪ ನಿಮಿಷದ ಲೆಕ್ಕದಲ್ಲಿ, ಇಲ್ಲಿ ನಿಜವಾದ ನಡುಹಗಲು ಸರಾಸರಿ ೧೨ ಗಂಟೆ ೧೬ ನಿಮಿಷಕ್ಕೆ ಆಗುತ್ತದೆ. ಮೇ ತಿಂಗಳ ಎರಡನೆಯ ವಾರ ಹಾಗೂ ಆಗಸ್ಟ್ ಮೊದಲ ವಾರದಲ್ಲಿ ಸೂರ್ಯನು ನೆತ್ತಿಯ ಮೇಲೆ ನೇರವಾಗಿ ಬರುತ್ತಾನೆ. ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರೂವರೆಯವರೆಗೆ ನೇರಳಾತೀತ ಕಿರಣಗಳು ತೀವ್ರವೆಂದು ತಿಳಿಯಬೇಕು. ಗಡಿಯಾರವಿಲ್ಲದವರಿಗೂ ಒಂದು ಗುರುತಿದೆ: ನಮ್ಮ ನೆರಳು ನಮಗಿಂತ ಗಿಡ್ಡವಾಗಿದ್ದರೆ ಕಿರಣಗಳು ತೀಕ್ಷ್ಣವಾಗಿವೆ.

ಶಾಖವೂ ನೇರಳಾತೀತ ಕಿರಣವೂ ಒಂದೇ ಅಲ್ಲವೆಂಬುದನ್ನು ಮರೆಯಬಾರದು. ಹಿತವಾದ ಚಳಿಗಾಲದ ಬಿಸಿಲಿನಲ್ಲಿಯೂ, ತೆಳುವಾದ ಮೋಡದ ಕೆಳಗೂ ಈ ಕಿರಣಗಳಿರುತ್ತವೆ. ಇವುಗಳಲ್ಲಿ ಒಂದು ಬಗೆಯವು ಬಸ್ಸಿನ, ಕಾರಿನ ಕಿಟಕಿಯ ಗಾಜನ್ನೂ ದಾಟಿ ಬರುತ್ತವೆ. ಕಂದು ಮೈಬಣ್ಣದ ನಮಗೆ ಮೆಲನಿನ್ ಎಂಬ ವರ್ಣದ್ರವ್ಯವು ಸ್ವಲ್ಪಮಟ್ಟಿನ ರಕ್ಷಣೆ ಕೊಡುತ್ತದೆ. ಆದರೆ ಕೆನ್ನೆಯ ಮೇಲಿನ ಬಂಗು ಮತ್ತು ಕಪ್ಪು ಕಲೆಗಳು ನಮ್ಮಂತಹವರಿಗೇ ಹೆಚ್ಚು.

ಬೆಳಗಿನ ಕ್ರಮ

ಮುಖಕ್ಕೆ ಒಮ್ಮೆ ಮೃದುವಾದ ಸಾಬೂನು ಸಾಕು. ಚರ್ಮದ ಮೇಲ್ಮೈ ಸ್ವಲ್ಪ ಆಮ್ಲೀಯ. ಸಾಧಾರಣ ಸಾಬೂನು ಕ್ಷಾರೀಯ. ಪದೇ ಪದೇ ಸಾಬೂನು ಹಚ್ಚಿದರೆ ಚರ್ಮದ ಸಹಜ ರಕ್ಷಣೆ ಕುಂದುತ್ತದೆ. ಹೊರಗೆ ಹೊರಡುವ ಕಾಲು ಗಂಟೆ ಮೊದಲು ೩೦ ಅಥವಾ ಅದಕ್ಕೆ ಮೇಲ್ಪಟ್ಟ ಎಸ್.ಪಿ.ಎಫ್. ಇರುವ ಸನ್‌ಸ್ಕ್ರೀನನ್ನು ಮುಖಕ್ಕೂ ಕತ್ತಿಗೂ ಎರಡು ಬೆರಳುಗಳ ಉದ್ದಕ್ಕೆ ಹಿಂಡಿದಷ್ಟು ಹಚ್ಚಬೇಕು. ಬಿಸಿಲಿನಲ್ಲಿಯೇ ಇರುವವರು ಎರಡು ಗಂಟೆಗೊಮ್ಮೆ ಪುನಃ ಹಚ್ಚಬೇಕು. ಬಂಗು ಇರುವವರಿಗೆ ಮೈಬಣ್ಣ ಬೆರೆತ ಸನ್‌ಸ್ಕ್ರೀನ್ ಹೆಚ್ಚು ಉಪಯುಕ್ತ. ಅದರಲ್ಲಿರುವ ಕಬ್ಬಿಣದ ಆಕ್ಸೈಡು ಕಣ್ಣಿಗೆ ಕಾಣುವ ಬೆಳಕನ್ನೂ ತಡೆಯುತ್ತದೆ.

ಇದಕ್ಕೆ ಹಣ ವೆಚ್ಚ ಮಾಡಲಾಗದವರು ನಿರಾಶರಾಗಬೇಕಿಲ್ಲ. ಕೊಡೆ, ತುಂಬುತೋಳಿನ ಹತ್ತಿಬಟ್ಟೆ, ತಲೆಯ ಮೇಲಿನ ಸೆರಗು ಇವುಗಳಿಗೆ ಸಮನಾದ ಕಾವಲು ಸುಲಭವಾಗಿ ಸಿಗದು. ಮಧ್ಯಾಹ್ನ ಮುಖ ಜಿಡ್ಡೆನಿಸಿದರೆ ಬರಿಯ ತಣ್ಣೀರಿನಿಂದ ತೊಳೆದು, ಉಜ್ಜದೆ, ಒತ್ತಿ ಒರೆಸಿದರೆ ಸಾಕು.

ರಾತ್ರಿಯ ಕ್ರಮ

ಮನೆಗೆ ಮರಳಿದೊಡನೆ ಧೂಳು, ಬೆವರು, ಸನ್‌ಸ್ಕ್ರೀನುಗಳನ್ನು ತೊಳೆದುಬಿಡಬೇಕು. ಚರ್ಮ ಇನ್ನೂ ತೇವವಾಗಿರುವಾಗಲೇ ಸಾಧಾರಣ ಮಾಯಿಶ್ಚರೈಸರನ್ನಾಗಲಿ, ಮೈಕೈಗಳಿಗೆ ತೆಳುವಾಗಿ ಕೊಬ್ಬರಿ ಎಣ್ಣೆಯನ್ನಾಗಲಿ ಹಚ್ಚಿದರೆ ರಾತ್ರಿಯ ತೇವನಷ್ಟ ತಗ್ಗುತ್ತದೆ. ಮೊಡವೆಯಿರುವವರು ಮುಖಕ್ಕೆ ಎಣ್ಣೆ ಹಚ್ಚಬಾರದು. ತಲೆಗೆ ಧಾರಾಳವಾಗಿ ಎಣ್ಣೆ ಹಾಕಿ ಮಲಗಿದರೆ ಅದು ಹಣೆಗೆ ಇಳಿದು ಮೊಡವೆಗೆ ಕಾರಣವಾಗಬಹುದು. ವಾರದ ಎಣ್ಣೆಸ್ನಾನವನ್ನು ಬಿಡಬೇಕೆಂದು ಇದರ ಅರ್ಥವಲ್ಲ. ಎಣ್ಣೆಯ ಹಿಂದೆಯೇ ಸ್ನಾನವೂ ಆಗಬೇಕು. ಒಣಚರ್ಮದವರು ಕಡಲೆಹಿಟ್ಟಿನಿಂದ ಗಟ್ಟಿಯಾಗಿ ತಿಕ್ಕಿಕೊಳ್ಳುವುದು ಒಳ್ಳೆಯದಲ್ಲ.

ಮೊಡವೆ, ಕಲೆಗಳಿಗೆ ವೈದ್ಯರು ಬರೆದುಕೊಡುವ ಎ ಜೀವಸತ್ವದ ವರ್ಗದ ಮುಲಾಮುಗಳನ್ನು ರಾತ್ರಿಯೇ ಹಚ್ಚಲು ಹೇಳುವುದಕ್ಕೆ ಕಾರಣವಿದೆ. ಅವುಗಳಲ್ಲಿ ಹಲವು ಬೆಳಕಿನಲ್ಲಿ ಕೆಡುತ್ತವೆ, ಚರ್ಮವನ್ನು ಬಿಸಿಲಿಗೆ ನಾಜೂಕಾಗಿಸುತ್ತವೆ. ಗರ್ಭಿಣಿಯರು ಇವುಗಳನ್ನು ಬಳಸಬಾರದು.

ರಾತ್ರಿ ಕಾಡುವ ನವೆ

ನಮ್ಮ ಮನೆಗಳ ವೃದ್ಧರು ಹಗಲೆಲ್ಲ ಸುಮ್ಮನಿದ್ದು, ಹಾಸಿಗೆಗೆ ಹೋದೊಡನೆ ಮೈ ಕೆರೆದುಕೊಳ್ಳತೊಡಗುತ್ತಾರೆ. ಮನೆಯವರು ಇದನ್ನು ಭ್ರಮೆಯೆಂದೋ, ಹಟವೆಂದೋ ತಿಳಿಯುವುದುಂಟು. ಅದು ನ್ಯಾಯವಲ್ಲ. ರಾತ್ರಿ ಚರ್ಮದ ಶಾಖ ಏರಿ, ತೇವ ಕಡಮೆಯಾಗುತ್ತದೆ. ಉರಿಯೂತವನ್ನು ತಣಿಸುವ ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿಯ ಸುಮಾರಿಗೆ ಅತಿ ಕಡಮೆ ಮಟ್ಟದಲ್ಲಿರುತ್ತದೆ. ಉಗುರು ಬೆಚ್ಚಗಿನ ನೀರಿನ ಚಿಕ್ಕ ಸ್ನಾನ, ಕೂಡಲೇ ಎಣ್ಣೆ ಅಥವಾ ಮಾಯಿಶ್ಚರೈಸರ್, ಹತ್ತಿಬಟ್ಟೆ ಇವುಗಳಿಂದ ಬಹುಮಟ್ಟಿಗೆ ಉಪಶಮನವಾಗುತ್ತದೆ.

ಆದರೆ ಎಲ್ಲ ನವೆಯನ್ನೂ ದಿನಚರಿಯ ಖಾತೆಗೆ ಬರೆಯಬಾರದು. ಮನೆಯಲ್ಲಿ ಇಬ್ಬರು ಮೂವರಿಗೆ ರಾತ್ರಿ ನವೆ ಕಾಣಿಸಿದರೆ, ಬೆರಳ ಸಂದುಗಳಲ್ಲಿ ಗುಳ್ಳೆಗಳಿದ್ದರೆ ಅದು ಕಜ್ಜಿಯಾಗಿರಬಹುದು. ಆಗ ನವೆ ಇಲ್ಲದವರೂ ಸೇರಿ ಮನೆಮಂದಿಯೆಲ್ಲ ಒಂದೇ ದಿನ ಚಿಕಿತ್ಸೆ ಪಡೆಯಬೇಕು. ಗುಳ್ಳೆಯೇನೂ ಇಲ್ಲದೆ ವಾರಗಟ್ಟಲೆ ನವೆ ಮುಂದುವರಿದರೆ ಸಕ್ಕರೆ ಕಾಯಿಲೆ, ಮೂತ್ರಪಿಂಡ, ಯಕೃತ್ತು ಅಥವಾ ಥೈರಾಯಿಡ್ ತೊಂದರೆ ಇದೆಯೇ ಎಂದು ರಕ್ತಪರೀಕ್ಷೆ ಮಾಡಿಸುವುದು ಅವಶ್ಯ.

ರಾತ್ರಿಪಾಳಿಯ ಮಕ್ಕಳು

೧೯೯೮ರಲ್ಲಿ ಮಾಧಾಪುರದಲ್ಲಿ ಸೈಬರ್ ಟವರ್ಸ್ ಆರಂಭವಾದ ಬಳಿಕ ನಮ್ಮ ಎಷ್ಟೋ ಮನೆಗಳ ಮಕ್ಕಳಿಗೆ ರಾತ್ರಿಯೇ ಹಗಲಾಗಿದೆ. ನಿದ್ದೆಗೆಟ್ಟ ಮಹಿಳೆಯರಲ್ಲಿ ಚರ್ಮದ ರಕ್ಷಣಾಪದರವು ಚೇತರಿಸಿಕೊಳ್ಳುವುದು ನಿಧಾನವಾಗುತ್ತದೆಂದು ೨೦೦೧ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನವೊಂದು ತೋರಿಸಿತು. ೨೦೧೧ರಲ್ಲಿ ಅಜೀಜ್ ಸಂಜಾರ್ ಅವರ ಪ್ರಯೋಗಶಾಲೆಯವರು ಇಲಿಗಳ ಮೇಲೆ ನಡೆಸಿದ ಪ್ರಯೋಗದಲ್ಲಿ, ಬೆಳಗಿನ ಜಾವ ೪ ಗಂಟೆಗೆ ನೇರಳಾತೀತ ಕಿರಣಕ್ಕೊಡ್ಡಿದ ಇಲಿಗಳಿಗೆ ಸಂಜೆ ೪ ಗಂಟೆಗೆ ಒಡ್ಡಿದವುಗಳಿಗಿಂತ ಐದು ಪಟ್ಟು ಹೆಚ್ಚು ಚರ್ಮದ ಕ್ಯಾನ್ಸರ್ ಬಂದಿತು. ಇಲಿ ನಿಶಾಚರಿ, ಅದರ ಲೆಕ್ಕವನ್ನು ಮನುಷ್ಯನಿಗೆ ನೇರವಾಗಿ ವರ್ಗಾಯಿಸಲಾಗದು. ಆದರೂ, ಅಷ್ಟೇ ಬಿಸಿಲು ಬೇರೆ ಬೇರೆ ಹೊತ್ತಿನಲ್ಲಿ ಬೇರೆ ಬೇರೆ ಹಾನಿ ಮಾಡಬಲ್ಲದೆಂಬುದು ಇದರಿಂದ ಸ್ಪಷ್ಟ.

ರಾತ್ರಿ ದುಡಿಯುವವರು ಗಡಿಯಾರವನ್ನಲ್ಲ, ತಮ್ಮ ನಿದ್ದೆಯನ್ನು ಅನುಸರಿಸಬೇಕು. ಬೆಳಿಗ್ಗೆ ಮನೆಗೆ ಮರಳುವ ದಾರಿಯಲ್ಲಿಯೂ ಬಿಸಿಲಿನಿಂದ ರಕ್ಷಣೆ ಬೇಕು. ಮನೆಗೆ ಬಂದು ಮುಖ ತೊಳೆದು, ರಾತ್ರಿಯ ಕ್ರಮದಲ್ಲಿ ಹೇಳಿದುದನ್ನು ಮಲಗುವ ಮುನ್ನ ಮಾಡಬೇಕು. ಕೋಣೆಗೆ ದಪ್ಪ ಪರದೆ ಹಾಕಿ ಕತ್ತಲು ಮಾಡಿಕೊಡುವುದು, ಹಗಲು ಮಲಗಿದ ಮಗನನ್ನೋ ಮಗಳನ್ನೋ ಸೋಮಾರಿಯೆಂದು ಜರೆಯದೆ, ಊಟಕ್ಕೆಂದು ನಡುವೆ ಎಬ್ಬಿಸದೆ ಇರುವುದು ತಂದೆತಾಯಿಗಳು ಮಾಡಬಹುದಾದ ದೊಡ್ಡ ಆರೈಕೆ.

ಒಂದು ಮುಖ್ಯ ಎಚ್ಚರಿಕೆ

ಔಷಧದ ಅಂಗಡಿಯಲ್ಲಿ ಕೇಳಿ ತಂದ ಟ್ಯೂಬನ್ನು ಪ್ರತಿರಾತ್ರಿ ಮುಖಕ್ಕೆ ಹಚ್ಚುವ ಅಭ್ಯಾಸ ನಮ್ಮಲ್ಲಿ ವ್ಯಾಪಕವಾಗಿದೆ. ಅವುಗಳಲ್ಲಿ ಅನೇಕವು ಸ್ಟೀರಾಯ್ಡ್ ಮುಲಾಮುಗಳು. ಮೊದಲ ವಾರ ಮುಖ ತಿಳಿಯಾಗಿ, ಬೆಳ್ಳಗಾಗಿ ಕಾಣುತ್ತದೆ. ತಿಂಗಳುಗಳು ಕಳೆದಂತೆ ಚರ್ಮ ತೆಳುವಾಗಿ, ಕೆಂಪೇರಿ, ಮೊಡವೆ ಮತ್ತು ಕೂದಲು ಹುಟ್ಟಿ, ಬಿಟ್ಟರೆ ಉರಿ, ಹಚ್ಚಿದರೆ ಹಾನಿ ಎಂಬ ಸ್ಥಿತಿ ಬರುತ್ತದೆ. ಹುಳುಕಡ್ಡಿಗೆ ಹಚ್ಚಿದರೆ ನವೆ ಅಡಗಿದಂತಾಗಿ ರೋಗ ಹಬ್ಬುತ್ತದೆ. ೨೦೧೮ರಲ್ಲಿ ಕೇಂದ್ರ ಸರಕಾರವು ಇಂತಹ ೧೪ ಸ್ಟೀರಾಯ್ಡುಗಳ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಔಷಧಗಳ ಪಟ್ಟಿಗೆ ಸೇರಿಸಿತು. ಈಗಾಗಲೇ ಬಹಳ ದಿನಗಳಿಂದ ಹಚ್ಚುತ್ತಿರುವವರು ತಾವಾಗಿಯೇ ಥಟ್ಟನೆ ನಿಲ್ಲಿಸದೆ, ಚರ್ಮವೈದ್ಯರ ಸಲಹೆಯಂತೆ ಬಿಡುವುದು ಕ್ಷೇಮ.

‘ಹಗಲಿನ ಕ್ರೀಮು’, ‘ರಾತ್ರಿಯ ಕ್ರೀಮು’ ಎಂದು ದುಬಾರಿ ಬೆಲೆಗೆ ಮಾರುವ ಡಬ್ಬಿಗಳೆಲ್ಲವೂ ಅನಿವಾರ್ಯವಲ್ಲ. ಮೃದುವಾದ ಸಾಬೂನು, ಬಿಸಿಲಿಗೊಂದು ಮರೆ, ರಾತ್ರಿಗೊಂದು ತೇವದ ಲೇಪ, ಇವುಗಳೊಡನೆ ನಿಯಮಿತವಾದ ನಿದ್ದೆ ಇವಿಷ್ಟೇ ಮೂಲಧನ. ನಾವು ಊರು ಬಿಟ್ಟು ಬರುವಾಗ ಹಿರಿಯರ ಎಣ್ಣೆ, ಸೀಗೇಕಾಯಿಗಳನ್ನು ಜೊತೆಗೆ ತಂದೆವು. ಅವುಗಳೊಂದಿಗೆ ಹೊತ್ತನ್ನೂ ಋತುವನ್ನೂ ನೋಡಿ ನಡೆಯುವ ಅವರ ವಿವೇಕವನ್ನೂ ಉಳಿಸಿಕೊಂಡು, ಈ ಊರಿನ ಹವೆಗೆ ಅನ್ವಯಿಸಿಕೊಂಡರೆ ವೃದ್ಧರಿಗೆ ನೆಮ್ಮದಿಯ ರಾತ್ರಿಯೂ ಮಕ್ಕಳಿಗೆ ಆರೋಗ್ಯದ ಮೈಯೂ ದೊರೆಯುವುದರಲ್ಲಿ ಸಂದೇಹವಿಲ್ಲ.